ಭಾವ ಬೀಗ ಜಗ್ಗಿದ್ದು

ನಮ್ಮ ಭಾವನಿಗೆ ಬೀಗದ ಮೇಲೆ ನಂಬಿಕೆಯಿಲ್ಲ. ಬೀಗ ಹಾಕುತ್ತಾರೆ, ಬೀಗದಕೈಯನ್ನು ಜೇಬಿಗೆ ಇಳಿಸುತ್ತಾರೆ, ಆಮೇಲೆ ಬೀಗವನ್ನು ಮುಷ್ಟಿಯಲ್ಲಿ ಹಿಡಿದು ಕೆಳಕ್ಕೆ ಜಗ್ಗುತ್ತಾರೆ. ಅದು ಬಾರದಿದ್ದರೆ, ಬಾರದೇ ಇರುವುದರಲ್ಲಿ ಏನಾದರೂ ಮೋಸವಿದ್ದೀತೆಂದು ಇನ್ನೊಮ್ಮೆ ಜಗ್ಗುತ್ತಾರೆ. ಬೀದಿಯ ತಿರುವಿನವರೆಗೆ ಬಂದು, ಅಲ್ಲಿರುವ ನನ್ನ ಜೆರಾಕ್ಸ್ ಅಂಗಡಿಯ ಮುಂದೆ ನಿಂತು, "ಜಗ್ಗಿದ್ನೋ ಇಲ್ವೋ?" ಎಂದು ಮುಖ ಸಣ್ಣದು ಮಾಡಿಕೊಂಡು ಹಿಂದಕ್ಕೆ ಓಡುತ್ತಾರೆ. ಮದುವೆಯಾದ ಹೊಸದರಲ್ಲಿ ನನ್ನ ಅಕ್ಕ ಇದಕ್ಕೆ ಅಳುತ್ತಿದ್ದಳು. ಈಗ ಅವರು ಹೋಗಿ ಬರುವಷ್ಟರಲ್ಲಿ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಬೀದಿಯ ಸುದ್ದಿಯನ್ನೆಲ್ಲ ಕೇಳಿ ಮುಗಿಸುತ್ತಾಳೆ. ಬೀದಿಯವರು ಭಾವನಿಗೆ ಇಟ್ಟ ಹೆಸರು 'ಬೀಗ ಜಗ್ಗೋರು'.

ದೇವರು ಇಂಥವರಿಗೆ ಇಂಥದೇ ಕೆಲಸ ಕೊಡುತ್ತಾನೆ. ಭಾವ ಒಂದು ಸರ್ಕಾರಿ ಕಚೇರಿಯ ಉಗ್ರಾಣ ನೋಡಿಕೊಳ್ಳುವವರು. ಕಚೇರಿಯ ಕಾಗದ, ಕುರ್ಚಿ, ಫ್ಯಾನು, ಪೊರಕೆ ಎಲ್ಲ ಅವರ ಸೊಂಟದ ಬೀಗದಕೈ ಗೊಂಚಲಿನ ಹಿಂದೆ ಕ್ಷೇಮವಾಗಿದ್ದವು. ಅವರು ನಡೆದರೆ ಗೊಂಚಲು ಝಣಝಣ ಎನ್ನುತ್ತಿತ್ತು. ಅದು ಅವರ ಮರ್ಯಾದೆಯ ಸದ್ದು. ಹೊಲ ಗದ್ದೆ ಏನೂ ಇಲ್ಲದ ಮನುಷ್ಯನಿಗೆ, 'ಇವನನ್ನು ನಂಬಬಹುದು' ಎಂದು ನಾಲ್ಕು ಜನಕ್ಕೆ ಕೇಳಿಸುವಂತೆ ಹೇಳುತ್ತಿದ್ದದ್ದು ಆ ಗೊಂಚಲೊಂದೇ.

ಆ ಗೊಂಚಲಿಗೆ ಸಂಚಕಾರ ಬಂದದ್ದು ಒಂದು ಸಿನಿಮಾದಿಂದ.

ನಮ್ಮ ಊರಿನ ಪತ್ರಕರ್ತರೊಬ್ಬರು ಹೊರದೇಶಕ್ಕೆ ವರದಿ ಮಾಡಲು ಹೋಗಿ, ಅಲ್ಲಿನ ದೊಡ್ಡವರಿಗೆ ಬೇಡವಾದದ್ದನ್ನು ಬರೆದು, ಅಲ್ಲಿನ ಜೈಲಿನಲ್ಲಿ ಬಹುಕಾಲ ಕೊಳೆತು, ಕೊನೆಗೂ ಬಿಡುಗಡೆಯಾಗಿ ಬಂದಿದ್ದರು. ಅವರ ಬದುಕಿನ ಮೇಲೆ ಸಿನಿಮಾ ತೆಗೆಯುವುದೆಂದು ತೀರ್ಮಾನವಾಯಿತು. ಒಂದು ದಿನ ನಿರ್ದೇಶಕ ನನ್ನ ಅಂಗಡಿಗೆ ಚಿತ್ರಕಥೆಯ ಪ್ರತಿ ತೆಗೆಸಲು ಬಂದ. ನನ್ನ ಯಂತ್ರ ಒಂದು ಹಾಳೆ ನುಂಗಿ ಕೂತಿತು. ನಾನು ಅದರ ಬಾಯಿಗೆ ಕೈ ಹಾಕಿ ಎಳೆಯುತ್ತಿರುವಾಗ ಅವನು ಕೇಳಿದ: "ಇಲ್ಲೆಲ್ಲಾದ್ರೂ ಕಂಬಿ ಬಾಗಿಲಿರೋ ಒಂಟಿ ಕೋಣೆ ಸಿಗುತ್ತಾ? ನನ್ನ ಹೀರೋನ ಅದರಲ್ಲಿ ಕೂಡಿಹಾಕ್ಬೇಕು."

ನಾನು ಬೆದರಿ ಅವನ ಮುಖ ನೋಡಿದೆ.

"ಅಭ್ಯಾಸಕ್ಕೆ ಸ್ವಾಮಿ! ಸೆರೆಮನೆ ಅಂದ್ರೇನು ಅಂತ ಅವನ ಮೈಗೆ ಗೊತ್ತಾಗ್ಬೇಕು. ಗಡ್ಡ ಬಿಟ್ಟಿದಾನೆ, ಹೊಸಬ, ಯಾರೂ ಗುರುತು ಹಿಡಿಯಲ್ಲ."

ಅಕ್ಕನ ಮನೆಯ ಮಹಡಿಯ ಮೇಲೆ ಹಳೇ ಸಾಮಾನಿನ ಕೋಣೆಯೊಂದಿತ್ತು. ಕಳ್ಳರ ಭಯಕ್ಕೆ ಭಾವ ಅದಕ್ಕೆ ಕಬ್ಬಿಣದ ಕಂಬಿ ಬಾಗಿಲು ಹಾಕಿಸಿದ್ದರು. ಒಳಗಿದ್ದದ್ದು ಮುರಿದ ತೊಟ್ಟಿಲು ಮತ್ತು ಹಳೇ ದಿನಪತ್ರಿಕೆಗಳು. ಅದಕ್ಕೆ ಜಡಿದದ್ದು ನಮ್ಮಪ್ಪ ಮದುವೆಯಲ್ಲಿ ಕೊಟ್ಟ ಹಿತ್ತಾಳೆ ಬೀಗ. ಅದರ ಮೇಲೆ ನವಿಲಿನ ಚಿತ್ರ, ಆ ನವಿಲಿಗೆ ಒಂದು ಕಣ್ಣು ಸವೆದುಹೋಗಿದೆ. ನಾನು ಆ ಕೋಣೆಯ ಹೆಸರೆತ್ತಿದೆ. ಎತ್ತಬಾರದಿತ್ತು.

ಭಾವ ಮೊದಲು ಬೇಡವೆಂದರು. ನಿರ್ದೇಶಕ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ, ಸೊಂಟದ ಗೊಂಚಲಿನ ಮೇಲೆ ಕಣ್ಣು ನಿಲ್ಲಿಸಿ, "ಅಯ್ಯೋ, ನೀವೇ ನನ್ನ ಜೈಲರ್! ಈ ನಡಿಗೆ, ಈ ಗೊಂಚಲು! ಪಾತ್ರ ನಿಮ್ಮದೇ ಅಂತಿಟ್ಕೊಳ್ಳಿ" ಎಂದುಬಿಟ್ಟ. ಭಾವ ಬೇಡ ಎಂದದ್ದನ್ನು ಅಲ್ಲಿಗೇ ನುಂಗಿಕೊಂಡರು. ಅಂದು ಸಂಜೆ ನಾನು ಹೋದಾಗ ಅವರು ಕನ್ನಡಿಯ ಮುಂದೆ ನಿಂತು ಹುಬ್ಬು ಗಂಟಿಕ್ಕುತ್ತಿದ್ದರು. ಅಕ್ಕ ಹಲ್ಲುನೋವೆಂದು ತಿಳಿದು ಲವಂಗ ತಂದುಕೊಟ್ಟಳು.

ನಿರ್ದೇಶಕನ ಷರತ್ತು ಎರಡು. ವಿಷಯ ಯಾರಿಗೂ ಹೇಳಕೂಡದು, ಏಕೆಂದರೆ ಹೀರೋ ಹೊರದೇಶದ ನಿಜವಾದ ಜೈಲಿನಲ್ಲೇ ಅಭ್ಯಾಸ ಮಾಡುತ್ತಿದ್ದಾನೆಂದು ಪತ್ರಿಕೆಗಳಿಗೆ ಆಗಲೇ ಹೇಳಿಯಾಗಿತ್ತು. ಮತ್ತು ಹೀರೋ ಎಷ್ಟು ಕೂಗಿದರೂ, ಅತ್ತರೂ, ಕಾಲು ಹಿಡಿದರೂ, ತಾನೇ ಬಂದು ಹೇಳುವವರೆಗೆ ಬಾಗಿಲು ತೆಗೆಯಕೂಡದು. ಕೋಣೆಗೆ ಹೊಂದಿಕೊಂಡು ಬಚ್ಚಲಿತ್ತು, ಫ್ಯಾನಿತ್ತು. ಭಾವ ನವಿಲಿನ ಬೀಗ ಹಾಕಿ, ಎರಡು ಸಲ ಜಗ್ಗಿ, ಒಳಗಿನ ನಟನಿಗೆ "ನೀವೂ ಒಂದ್ಸಲ ಒಳಗಿಂದ ನೂಕಿ ನೋಡಿ" ಎಂದರು.

ಆದರೆ ಸೆರೆಮನೆಗೆ ಬೇಕಾದ ಕಷ್ಟವನ್ನು ನನ್ನ ಅಕ್ಕ ಒದಗಿಸಲಿಲ್ಲ. "ಪರರ ಮನೆ ಮಗು" ಎಂದು ಹೊತ್ತು ಹೊತ್ತಿಗೆ ಬಿಸಿ ಅಡುಗೆ ಬಡಿಸಿ, ಕಂಬಿಯ ಸಂದಿಯಿಂದ ದಿಂಬು ತೂರಿಸಿದಳು. ವಾರ ಕಳೆದು ನಿರ್ದೇಶಕ ಬಂದು ನೋಡಿದರೆ ಹೀರೋನ ಕೆನ್ನೆ ಊದಿತ್ತು.

"ಏನಮ್ಮಾ ಇದು! ನಾನು ಕಳಿಸಿದ್ದು ಕೈದಿನ, ನೀವು ಅಳಿಯನ್ನ ಸಾಕಿದೀರಲ್ಲ! ಇವತ್ತಿಂದ ಬರೀ ಗಂಜಿ" ಎಂದು ಬೈದು ಹೋದ.

ಗಂಜಿ ಶುರುವಾದ ಮೇಲೆ ಹೀರೋನಿಗೆ ಅಭಿನಯ ತಾನಾಗಿ ಬಂತು.

"ಬಿಡ್ರೀ ನನ್ನ! ಇದು ಅನ್ಯಾಯ! ನಾನು ಮನುಷ್ಯ!" ಎಂದು ಮಧ್ಯಾಹ್ನದ ಹೊತ್ತು ಮಹಡಿಯಿಂದ ಕೂಗು ಕೇಳಿತು. ಎದುರು ಮನೆಯಲ್ಲಿದ್ದವರು ನಿವೃತ್ತ ಬಸ್ ಕಂಡಕ್ಟರ್. ಆಯುಷ್ಯವಿಡೀ ಯಾರು ಟಿಕೆಟ್ ತೆಗೆದಿಲ್ಲವೆಂದು ಮುಖ ನೋಡಿಯೇ ಹೇಳಿದವರು. ನಿವೃತ್ತಿಯಾದ ಮೇಲೂ ಬೀದಿಯಲ್ಲಿ ಹೋಗಿಬರುವವರನ್ನೆಲ್ಲ ಟಿಕೆಟ್ ಇಲ್ಲದವರಂತೆಯೇ ನೋಡುತ್ತಿದ್ದರು. ಅವರು ಚಪ್ಪಲಿ ಮೆಟ್ಟಿ ಬಂದರು.

"ಮೇಲೆ ಯಾರು?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಭಾವ, "ಮೇಲೆ... ಮೇಲೆ ರೇಡಿಯೋ" ಎಂದರು.

"ರೇಡಿಯೋ ಗಂಜಿ ಬೇಡ, ಅನ್ನ ಹಾಕಿ ಅಂತಿದೆ?"

"ನಾಟಕ ಬರ್ತಿದೆ."

"ಯಾವ ಕೇಂದ್ರ?"

ಭಾವ ಬೆವರೊರೆಸಿಕೊಂಡು ಸೊಂಟದ ಗೊಂಚಲು ಮುಟ್ಟಿ ನೋಡಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆಗೆ ಚಿತ್ರ ಬರೆಸುವುದಿದ್ದರೆ ಆಗ ಬರೆಸಬಹುದಿತ್ತು. ಕಂಡಕ್ಟರು ನೇರ ನನ್ನ ಅಂಗಡಿಗೆ ಬಂದು, "ನಿನ್ನ ಭಾವ ಒಬ್ಬ ಮನುಷ್ಯನ್ನ ಕೂಡಿಹಾಕಿದಾರೆ ಕಣಯ್ಯಾ" ಎಂದು ಪಿಸುಗುಟ್ಟಿದರು. ಜೆರಾಕ್ಸ್ ಅಂಗಡಿಯಲ್ಲಿ ಆಡಿದ ಮಾತು. ಸಂಜೆಯೊಳಗೆ ಬೀದಿಯಲ್ಲಿ ಮನೆಗೊಂದು ಪ್ರತಿ ಹಂಚಿಕೆಯಾಗಿತ್ತು. ಒಬ್ಬರು ಅದು ಸಾಲ ತೀರಿಸದವನು ಎಂದರು. ಇನ್ನೊಬ್ಬರು ಹುಚ್ಚು ಹಿಡಿದ ತಮ್ಮ ಎಂದರು. ತಮ್ಮನೇ ಇಲ್ಲವಲ್ಲ ಎಂದರೆ, "ಇದ್ದಿದ್ದಕ್ಕೇ ಅಲ್ವಾ ಬಚ್ಚಿಟ್ಟಿರೋದು!" ಎಂದರು. ಇದಕ್ಕೆ ಯಾವ ವಕೀಲ ಉತ್ತರ ಕೊಡಬಲ್ಲ?

ಮಾರನೆಯ ದಿನ ಅಕ್ಕ ಮಾರುಕಟ್ಟೆಗೆ ಹೋಗಿದ್ದಾಗ ಪೊಲೀಸರು ಬಂದರು. ಕಂಡಕ್ಟರು ಮುಂದೆ, ಇನ್‌ಸ್ಪೆಕ್ಟರು ಹಿಂದೆ, ಅವರ ಹಿಂದೆ ಬೀದಿ. ನಾನೂ ಅಂಗಡಿ ಬಿಟ್ಟು ಓಡಿದೆ.

"ತೆಗೀರಿ ಬಾಗಿಲು" ಎಂದರು ಇನ್‌ಸ್ಪೆಕ್ಟರು.

"ಅವರು ಬಂದು ಹೇಳೋವರೆಗೆ ತೆಗೆಯೋ ಹಾಗಿಲ್ಲ ಸಾರ್."

"ಅವರು ಅಂದ್ರೆ ಯಾರು?"

"ಅದನ್ನೂ ಹೇಳೋ ಹಾಗಿಲ್ಲ."

ಅತ್ತ ದರಿ, ಇತ್ತ ಪುಲಿ. ಕೊಟ್ಟ ಮಾತಿಗೆ ತಪ್ಪಿ ಗೊತ್ತಿಲ್ಲದ ಭಾವ, ನಾನು ನಿಜ ಹೇಳುವ ಮೊದಲೇ ನನ್ನ ಕೈ ಹಿಸುಕಿ ತಡೆದು, ಕಣ್ಣು ಮುಚ್ಚಿ ನಿಂತುಬಿಟ್ಟರು. ಇನ್‌ಸ್ಪೆಕ್ಟರೇ ಅವರ ಜೇಬಿಗೆ ಕೈ ಹಾಕಿ ಬೀಗದಕೈ ತೆಗೆದು ಬಾಗಿಲು ತೆರೆದರು. ಆಗಲಾದರೂ ನಟ ಸತ್ಯ ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಆ ಪುಣ್ಯಾತ್ಮ ಖಾಕಿ ಬಟ್ಟೆ ಕಂಡದ್ದೇ, ಇದು ನಿರ್ದೇಶಕನೇ ಏರ್ಪಾಡು ಮಾಡಿದ ಪರೀಕ್ಷೆ ಎಂದುಕೊಂಡ. ಎದೆಯುಬ್ಬಿಸಿ ನಿಂತು ಗುಡುಗಿದ:

"ನಾನು ಪತ್ರಕರ್ತ! ನಿಮ್ಮ ಯಾವ ಪ್ರಶ್ನೆಗೂ ಉತ್ತರ ಕೊಡಲ್ಲ! ನಮ್ಮ ರಾಯಭಾರಿನ ಕರೆಸಿ!"

ಇನ್‌ಸ್ಪೆಕ್ಟರ ಟೊಪ್ಪಿ ಜಾರಿತು. "ರಾಯಭಾರಿ? ಇವರು ಯಾವ ದೇಶದೋರು?"

"ನೋಡಿದ್ರಾ?" ಎಂದರು ಕಂಡಕ್ಟರು. "ನಾನು ಸಣ್ಣ ವಿಷಯ ಅಂದ್ಕೊಂಡಿದ್ದೆ. ಇದು ಅಂತರರಾಷ್ಟ್ರೀಯ!"

"ಈ ಮನುಷ್ಯ ನಿಮ್ಮನ್ನ ಹಿಂಸೆ ಮಾಡಿದಾನಾ?" ಎಂದು ಇನ್‌ಸ್ಪೆಕ್ಟರು ಭಾವನ ಕಡೆ ತೋರಿಸಿ ಕೇಳಿದರು. ನಟ ಭಾವನ ಕಡೆಗೆ ಬೆರಳು ಚಾಚಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಗಂಜಿ!" ಎಂದ. ಅದೊಂದು ಮಾತ್ರ ಅಭಿನಯವಲ್ಲ.

ಭಾವನನ್ನು ಹೊರಗೆ ಕರೆತಂದರು. ಮನೆಗೆ ಕಾನ್‌ಸ್ಟೇಬಲ್ ಒಬ್ಬ ಬೀಗ ಹಾಕಿದ. ಭಾವ ಅದನ್ನು ಜಗ್ಗಲು ಬಗ್ಗಿದರು, ಪೊಲೀಸರು ಬಿಡದೆ ಜೀಪಿಗೆ ಹತ್ತಿಸಿದರು. ಜೀಪು ನನ್ನ ಅಂಗಡಿಯ ತಿರುವು ದಾಟುವಾಗ ಅವರು ತಲೆ ಹೊರಗೆ ಹಾಕಿ, "ಬೀಗ! ಬೀಗ ಜಗ್ಗಿಲ್ಲ! ಯಾರಾದ್ರೂ ಜಗ್ರೋ!" ಎಂದು ಕೂಗಿಕೊಂಡರು. ಬೀದಿ ಅದನ್ನು ತಪ್ಪೊಪ್ಪಿಗೆ ಎಂದು ತಿಳಿಯಿತು.

ನಾನೂ ಹಿಂದೆಯೇ ಠಾಣೆಗೆ ಓಡಿದೆ. ಅಲ್ಲಿ ಲಾಕಪ್ಪಿಗೆ ಎದುರಾಗಿ ಒಂದು ಬೆಂಚು. ಸಂತ್ರಸ್ತನೆಂದು ನಟನನ್ನು ಆ ಬೆಂಚಿನ ಮೇಲೆ ಕೂರಿಸಿ ಚಹಾ ಕೊಟ್ಟಿದ್ದರು. ಅವನಿಗೆ ಇದು ನಾಟಕವಲ್ಲವೆಂದು ಆಗ ತಿಳಿಯಿತು. ನಿಜ ಹೇಳಲು ಬಾಯಿ ತೆರೆದ, ಪತ್ರಿಕೆಗಳಿಗೆ ಹೇಳಿದ ಸುಳ್ಳು ನೆನಪಾಗಿ ಮತ್ತೆ ಮುಚ್ಚಿದ. ಅಷ್ಟರಲ್ಲಿ ಭಾವನನ್ನು ಒಳಗೆ ತಳ್ಳಿ ಕಾನ್‌ಸ್ಟೇಬಲ್ ಬೀಗ ಜಡಿದು ತಿರುಗಿದ್ದ. ಭಾವ ತಿರುಗಿ ಬಾಗಿಲಿನ ಹತ್ತಿರ ಬಂದರು. ಆಮೇಲೆ ಕಂಬಿಯ ಸಂದಿಯಿಂದ ಕೈ ಹೊರಗೆ ಹಾಕಿ, ತಡಕಾಡಿ, ತಮ್ಮನ್ನೇ ಕೂಡಿಹಾಕಿದ ಆ ಬೀಗವನ್ನು ಹಿಡಿದು ಕೆಳಕ್ಕೆ ಜಗ್ಗಿದರು. ಬರಲಿಲ್ಲ. ಇನ್ನೊಮ್ಮೆ ಜಗ್ಗಿದರು. "ಸರಿಯಾಗಿ ಬಿದ್ದಿದೆ" ಎಂದು ತಮಗೆ ತಾವೇ ಹೇಳಿಕೊಂಡು ಗೋಡೆಗೆ ಒರಗಿ ಕೂತರು.

ಕಾನ್‌ಸ್ಟೇಬಲ್ ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ. ನಟ ಚಹಾದ ಲೋಟ ಕೆಳಗಿಟ್ಟು, ಕಣ್ಣು ಮಿಟುಕಿಸದೆ ನೋಡುತ್ತಲೇ ಇದ್ದ.

ನಾನು ಹೇಳಿಕಳಿಸಿದ ಮೇಲೆ ಸಂಜೆ ನಿರ್ದೇಶಕ ಓಡಿಬಂದ. ಇನ್‌ಸ್ಪೆಕ್ಟರ ಕೋಣೆಯ ಬಾಗಿಲು ಮುಚ್ಚಿತು. ತೆರೆದಾಗ ಇನ್‌ಸ್ಪೆಕ್ಟರು ಮೀಸೆ ನೀವಿಕೊಳ್ಳುತ್ತಿದ್ದರು. ಭಾವನನ್ನು ಬಿಟ್ಟರು, ನಟನನ್ನು ಹಿಂಬಾಗಿಲಿನಿಂದ ಕಾರಿನಲ್ಲಿ ಸಾಗಿಸಿದರು. ಯಾಕೆ, ಏನು ಎಂದು ಯಾರಿಗೂ ಹೇಳಲಿಲ್ಲ. ಜೈಲರ್ ಪಾತ್ರ ಇನ್‌ಸ್ಪೆಕ್ಟರಿಗೆ ಹೋದದ್ದು ನಮಗೆ ಆಮೇಲೆ ಗೊತ್ತಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬಿಟ್ಟ ಮೇಲೆಯೇ ಅನುಮಾನ ಹೆಚ್ಚಾಯಿತು. ತಪ್ಪು ಮಾಡದವನನ್ನು ಹಿಡಿದದ್ದು ಯಾಕೆ, ಮಾಡಿದವನಾದರೆ ಬಿಟ್ಟದ್ದು ಯಾಕೆ, ಆ ಗಡ್ಡದವನು ಹೋದದ್ದೆಲ್ಲಿಗೆ? ಭಾವ ತಡೆಯಲಾರದೆ ನಿಜ ಹೇಳಿದರು. ಹೇಳದಿದ್ದರೇ ಚೆನ್ನಾಗಿತ್ತು. ಅದೇ ವಾರದ ಪತ್ರಿಕೆಯಲ್ಲಿ, ಹೀರೋ ದೂರದ ದೇಶದ ಜೈಲಿನಲ್ಲಿ ಕಲ್ಲಿನ ನೆಲದ ಮೇಲೆ ಮಲಗಿ ಅಭ್ಯಾಸ ಮುಗಿಸಿ ಬಂದನೆಂದು ಫೋಟೋ ಸಮೇತ ಬಂದಿತ್ತು. ಕಂಡಕ್ಟರು ಅದರ ಪ್ರತಿ ತೆಗೆಸಲು ನನ್ನ ಅಂಗಡಿಗೇ ಬಂದರು.

"ಹೀರೋ ಇವರ ಮನೇಲಿದ್ನಂತೆ! ನಿಮ್ಮಕ್ಕ ಊಟ ಹಾಕಿದ್ರಂತೆ! ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋಕೆ ನಾವೇನು ದಡ್ಡರಾ?"

ಸುದ್ದಿ ಕಚೇರಿಗೂ ಹೋಯಿತು. ಭಾವನ ಸಾಹೇಬರು ಅವರನ್ನು ಕರೆಸಿ, "ನಿಮ್ಮ ಮೇಲೆ ನನಗೆ ಅನುಮಾನ ಇಲ್ಲ. ಆದ್ರೂ ಸ್ವಲ್ಪ ದಿನ ಗೊಂಚಲು ನನ್ನ ಹತ್ರ ಇರಲಿ" ಎಂದು ಕೈ ಚಾಚಿದರು. ಅನುಮಾನ ಇಲ್ಲದವರು ಹೀಗೆಯೇ ಕೈ ಚಾಚುವುದು.

ಅಂದು ಭಾವ ಮನೆಗೆ ಬಂದದ್ದು ಯಾರಿಗೂ ಕೇಳಿಸಲಿಲ್ಲ. ಝಣಝಣ ಇಲ್ಲ. ಅಕ್ಕ ಒಲೆಯ ಮುಂದೆ ತಿರುಗಿ ನೋಡಿ, ಗಂಡ ಹಿಂದೆ ನಿಂತಿರುವುದನ್ನು ಕಂಡು ಬೆಚ್ಚಿಬಿದ್ದಳು. ಆಮೇಲೆ ಅವರು ಕಚೇರಿಯಲ್ಲಿ ಉಗ್ರಾಣದ ಹೊರಗೆ ಒಂದು ಸ್ಟೂಲಿನ ಮೇಲೆ ಕೂರತೊಡಗಿದರು. ಒಳಗಿಂದ ಒಂದು ಪೆನ್ಸಿಲ್ ಬೇಕಾದರೂ ಬೇರೆಯವರು ಬಂದು ಬಾಗಿಲು ತೆಗೆಯಬೇಕು. ಮಂಗ ತಾನು ತಿಂದು ಮೇಕೆಯ ಬಾಯಿಗೆ ಒರೆಸಿ ಹೋದರೆ, ಮೇಕೆ ಬಾಯಿ ಬಿಟ್ಟು ಹೇಳುವುದಾದರೂ ಏನನ್ನು?

ಸಿನಿಮಾ ಬಂತು. ಊರಿನ ಮಗನ ಕಥೆಯೆಂದು ಮೊದಲ ಪ್ರದರ್ಶನ ನಮ್ಮೂರಲ್ಲೇ, ಅದೂ ಭಾನುವಾರ ಮಧ್ಯಾಹ್ನ, ಎಲ್ಲರಿಗೂ ಉಚಿತ. ಭಾವ ಬರುವುದಿಲ್ಲವೆಂದರು.

"ಬಚ್ಚಿಟ್ಕೊಂಡ್ರೆ ಇನ್ನೂ ಜಾಸ್ತಿ ಅಂತಾರೆ. ಏಳಿ" ಎಂದಳು ಅಕ್ಕ. ಬೀಗ ಹಾಕಿ, ಜಗ್ಗಿ, ತಿರುವಿನಿಂದ ಹಿಂದಕ್ಕೆ ಹೋಗಿ, ಮತ್ತೆ ಜಗ್ಗಿ, ಕೊನೆಗೂ ಹೊರಟೆವು. ಸಾಹೇಬರು ಮುಂದಿನ ಸಾಲಿನಲ್ಲಿದ್ದರು. ಕಂಡಕ್ಟರು ನಮ್ಮ ಹಿಂದಿನ ಸಾಲಿನಲ್ಲೇ ಕೂತರು, ನಿಗಾ ಇಡಲು.

ಹೀರೋನನ್ನು ಜೈಲಿಗೆ ತಳ್ಳುವ ದೃಶ್ಯ ಬಂತು. ಜೈಲರ್ ವೇಷದ ನಮ್ಮ ಇನ್‌ಸ್ಪೆಕ್ಟರು ಬೀಗ ಜಡಿದು ತಿರುಗಿದರು. ಹೀರೋ ತಿರುಗಿ ಬಾಗಿಲಿನ ಹತ್ತಿರ ಬಂದ. ಆಮೇಲೆ ಕಂಬಿಯ ಸಂದಿಯಿಂದ ಕೈ ಹೊರಗೆ ಹಾಕಿ, ತಡಕಾಡಿ, ಬೀಗ ಹಿಡಿದು ಕೆಳಕ್ಕೆ ಜಗ್ಗಿದ. ಇನ್ನೊಮ್ಮೆ ಜಗ್ಗಿದ.

ಇಡೀ ಸಭಾಂಗಣ ಮೂಗು ಒರೆಸಿಕೊಂಡಿತು. ಹಿಂದಿನ ಸಾಲಿನಲ್ಲಿ ಕಂಡಕ್ಟರು ಬಿಕ್ಕಳಿಸುತ್ತಿದ್ದರು. ಅಕ್ಕ ನನ್ನ ತೋಳು ಚಿವುಟಿದಳು. ಭಾವ ಮಾತ್ರ ಕುರ್ಚಿಯ ಕೈ ಬಿಗಿಹಿಡಿದು ಪರದೆಯನ್ನೇ ನೋಡುತ್ತಿದ್ದರು.

ಸಿನಿಮಾ ಮುಗಿದ ಮೇಲೆ ನಿರ್ದೇಶಕನೂ ನಟನೂ ವೇದಿಕೆ ಹತ್ತಿದರು. ಚಪ್ಪಾಳೆಯೋ ಚಪ್ಪಾಳೆ. ಆಗ ಬಾಗಿಲ ಪಕ್ಕದ ಕೊನೆಯ ಕುರ್ಚಿಯಿಂದ ಸಣಕಲು ಮನುಷ್ಯರೊಬ್ಬರು ಎದ್ದರು. ಆ ಪತ್ರಕರ್ತರೇ. ಮುಚ್ಚಿದ ಬಾಗಿಲು ಅವರಿಗೆ ಆಗದು, ಅದಕ್ಕೇ ಅಲ್ಲಿ ಕೂತಿದ್ದರಂತೆ.

"ಆ ಬೀಗ ಜಗ್ಗೋದು. ಅದನ್ನ ನಾನು ನಿಮಗೆ ಹೇಳಿರಲಿಲ್ಲ" ಎಂದರು.

"ಅದು ನನ್ನ ಕಲ್ಪನೆ ಸಾರ್. ಸ್ವಾತಂತ್ರ್ಯದ ತುಡಿತ!" ಎಂದ ನಿರ್ದೇಶಕ.

"ಕಲ್ಪನೆ ಅಲ್ಲ. ನಾನು ನಿಜವಾಗ್ಲೂ ಜಗ್ಗಿದ್ದೆ. ನನ್ನ ಹೆಂಡ್ತಿಗೂ ಹೇಳಿಲ್ಲ. ನಿಮಗೆ ಯಾರು ಹೇಳಿದ್ರು?" ಅವರ ದನಿಯಲ್ಲಿ ಅನುಮಾನವಿತ್ತು. ಅಷ್ಟು ವರ್ಷ ಕಾವಲಿನಲ್ಲಿದ್ದವರ ಅನುಮಾನದ ಮುಂದೆ ನಮ್ಮ ಕಂಡಕ್ಟರದು ಬರೀ ಚಿಲ್ಲರೆ.

ನಿರ್ದೇಶಕ ನಟನ ಮುಖ ನೋಡಿದ. ನಟ, "ನಾನು... ಅಲ್ಲಿ, ಹೊರದೇಶದ ಜೈಲಲ್ಲಿ ನೋಡ್ದೆ" ಎಂದ.

"ಬೀಗ ಹೆಂಗಿತ್ತು?"

ಪಾಪ, ನಟನಿಗೆ ಗೊತ್ತಿದ್ದದ್ದು ಒಂದೇ ಬೀಗ. "ಹಿತ್ತಾಳೆದು. ಮೇಲೆ ನವಿಲು. ಒಂದು ಕಣ್ಣು ಸವೆದಿತ್ತು."

"ಅಲ್ಲಿ ನವಿಲೇ ಇಲ್ಲವಲ್ಲಪ್ಪಾ. ಊಟ ಹೆಂಗಿತ್ತು?"

"ಮೊದಲ ವಾರ ತುಂಬಾ ಚೆನ್ನಾಗಿತ್ತು."

"ಅದು ನಮ್ಮಪ್ಪ ಕೊಟ್ಟ ಬೀಗ!" ಎಂದು ಅಕ್ಕ ಎದ್ದು ನಿಂತಳು. ಹಿಂದಿನ ಸಾಲು, ಮುಂದಿನ ಸಾಲು, ಸಾಹೇಬರು, ಎಲ್ಲರೂ ತಿರುಗಿದರು. "ಆ ಊಟ ಹಾಕಿದ್ದು ನಾನು! ಹೇಳಪ್ಪಾ ಮಗನೇ, ಅನ್ನದ ಮೇಲೆ ಆಣೆ ಇಟ್ಟು ಹೇಳು, ನೀನಿದ್ದದ್ದು ಎಲ್ಲಿ?"

ನಟ ನಿರ್ದೇಶಕನ ಕಡೆ ನೋಡಲಿಲ್ಲ. ತಲೆ ತಗ್ಗಿಸಿ, "ನಿಮ್ಮ ಮಹಡಿ ಮೇಲೆ ಅಮ್ಮಾ" ಎಂದ. "ಬೀಗ ಜಗ್ಗಿದ್ದು ಅವರು. ಲಾಕಪ್ಪಲ್ಲಿ. ನನ್ನಿಂದಾಗಿ ಒಳಗೆ ಹೋಗಿದ್ದಾಗ."

ಸಾಹೇಬರು ಎದ್ದು ಬಂದು ಭಾವನ ಕಿವಿಯ ಹತ್ತಿರ, "ನಾಳೆ ಬಂದ ತಕ್ಷಣ ಗೊಂಚಲು ತಗೊಳ್ಳಿ. ನನಗೆ ಮೊದಲಿಂದ್ಲೂ ಅನುಮಾನ ಇರಲಿಲ್ಲ" ಎಂದರು. ಕಂಡಕ್ಟರು ಕಣ್ಣೊರೆಸಿಕೊಂಡು, "ನನಗೆ ಗೊತ್ತಿತ್ತು. ಮುಖ ನೋಡಿದ್ರೆ ಗೊತ್ತಾಗುತ್ತೆ" ಎಂದರು. ಅವರಿಗೆ ಏನಾದರೂ ಹೇಳೋಣವೆಂದು ತಿರುಗಿದೆ. ಅಷ್ಟರಲ್ಲಿ ಪತ್ರಕರ್ತರು ನಮ್ಮ ಸಾಲಿಗೆ ಬಂದಿದ್ದರು.

"ಯಾಕೆ ಜಗ್ಗಿದ್ರಿ?" ಎಂದು ಅವರು ಭಾವನನ್ನು ಕೇಳಿದರು.

ಭಾವ ನಾಚಿಕೊಂಡರು. "ಸ್ವಾತಂತ್ರ್ಯ ಗೀತಂತ್ರ್ಯ ಏನಲ್ಲ ಸಾರ್. ಮನೆ ಬೀಗ ಜಗ್ಗೋಕೆ ಬಿಡಲಿಲ್ಲ ಅವರು. ಕೈ ಸುಮ್ಮನಿರಲಿಲ್ಲ. ಅಲ್ಲೊಂದು ಬೀಗ ಇತ್ತು, ಜಗ್ಗಿದೆ. ಸ್ವಲ್ಪ ಸಮಾಧಾನ ಆಯ್ತು."

ಪತ್ರಕರ್ತರು ಭಾವನ ಪಕ್ಕದಲ್ಲಿ ಕೂತರು. ಆಮೇಲೆ, "ನನ್ನನ್ನ ಎಳ್ಕೊಂಡು ಹೋದಾಗ ಆ ದೇಶದಲ್ಲಿ ನಾನಿದ್ದ ಮನೆ ಬಾಗಿಲು ಹಾರು ಹೊಡೆದಿತ್ತು. ಒಲೆ ಮೇಲೆ ಚಹಾ ಕುದೀತಿತ್ತು. ಅಲ್ಲಿ ಕೂಡಿಹಾಕಿದ ತಕ್ಷಣ ಕೈ ತಾನಾಗೇ ಹೊರಗೆ ಹೋಯ್ತು. ಕಾವಲಿನೋರು ನಕ್ಕುಬಿಟ್ರು. ಇಲ್ಲಿ ಹೇಳಿದ್ರೆ ಇಲ್ಲಿನೋರೂ ನಗ್ತಾರೆ ಅಂತ ಹೇಳಲಿಲ್ಲ" ಎಂದರು.

"ನಗ್ತಾರೆ ಸಾರ್" ಎಂದರು ಭಾವ. "ನಮ್ಮ ಬೀದೀಲಿ ಹೆಸರೇ ಇಟ್ಟಿದಾರೆ."

ಅಕ್ಕ ಪತ್ರಕರ್ತರನ್ನು ಊಟಕ್ಕೆ ಕರೆದಳು. ನಾಲ್ಕೂ ಜನ ನಡೆದು ಬೀದಿಗೆ ಬಂದೆವು. ಬೀಗ ತೆಗೆದು ಒಳಗೆ ಹೋದೆವು, ಬಿಸಿಬಿಸಿ ಉಂಡೆವು. ಬಾಗಿಲು ಪೂರ್ತಿ ತೆರೆದೇ ಇತ್ತು, ಯಾರೂ ಮುಚ್ಚಲಿಲ್ಲ. ಅವರನ್ನು ಬಸ್ಸಿಗೆ ಬಿಡಲು ಎಲ್ಲರೂ ಹೊರಟೆವು. ಭಾವ ಬೀಗ ಹಾಕಿ ಜಗ್ಗಿದರು. ನನ್ನ ಅಂಗಡಿಯ ತಿರುವಿನಲ್ಲಿ ಎಂದಿನಂತೆ ನಿಂತರು. ಮುಖ ಸಣ್ಣದಾಯಿತು. ಆದರೆ ದೊಡ್ಡವರ ಮುಂದೆ ಹೇಗೆ ಹೇಳುವುದು? ಸುಮ್ಮನೆ ಕಾಲು ಬದಲಿಸಿದರು.

"ನಡೀರಿ, ನಾನೂ ಬರ್ತೀನಿ" ಎಂದರು ಪತ್ರಕರ್ತರು.

ಇಬ್ಬರೂ ಹಿಂದಕ್ಕೆ ಹೋದರು. ಸ್ಟೂಲಿನ ಮೇಲೆ ಕೂತ ಅಕ್ಕನೂ ನಾನೂ ನೋಡುತ್ತಿದ್ದೆವು. ಬಾಗಿಲ ಮುಂದೆ ಭಾವ ಪಕ್ಕಕ್ಕೆ ಸರಿದು ನಿಂತರು. ಪತ್ರಕರ್ತರು ಬೀಗವನ್ನು ಮುಷ್ಟಿಯಲ್ಲಿ ಹಿಡಿದು ಕೆಳಕ್ಕೆ ಜಗ್ಗಿದರು. ಬೇರೆಲ್ಲೋ ಬಹಳ ದಿನದಿಂದ ತೆರೆದೇ ಉಳಿದ ಬಾಗಿಲೊಂದನ್ನು ಕೊನೆಗೂ ಹಾಕಿದವರ ಹಾಗೆ ಉಸಿರು ಬಿಟ್ಟು, "ಬಿದ್ದಿದೆ" ಎಂದರು.

"ಇನ್ನೊಂದ್ಸಲ ಜಗ್ಗಿ ಸಾರ್" ಎಂದರು ಭಾವ. "ಒಂದ್ಸಲಕ್ಕೆಲ್ಲ ನಂಬೋ ಹಾಗಿಲ್ಲ."